ಗುಂಡಿಯೊಳಗೆ ನಕ್ಕವನು

ಫೂ, ಫೂ.

ನಮ್ಮ ಬೀದಿಗೆ ಬೆಳಗಾಗುವುದು ಈ ಸದ್ದಿನಿಂದ. ಹಕ್ಕಿಗಳು ಆಮೇಲೆ, ಹಾಲಿನ ಸೈಕಲ್ಲು ಅದಕ್ಕೂ ಆಮೇಲೆ. ಏರುಬೀದಿಯ ತುತ್ತತುದಿಯ ಮನೆಯಲ್ಲಿ ಕಿಟಕಿ ತೆರೆಯುತ್ತದೆ, ಒಂದು ಬಿಳಿತಲೆ ಹೊರಗೆ ಬರುತ್ತದೆ, ತುಟಿ ಮುಂದೆ ಮಾಡಿ ಗಾಳಿಗೆ ಎರಡು ಸಲ ಊದುತ್ತದೆ. ಹೊಸದಾಗಿ ಬಾಡಿಗೆಗೆ ಬಂದವರು ತಮ್ಮನ್ನೇ ಉಗಿದರೆಂದು ಮೊದಮೊದಲು ಜಗಳಕ್ಕೆ ಹೋಗುವುದುಂಟು. ಹಳಬರು ಅವರನ್ನು ಕರೆದು ಕೂರಿಸಿ ತಿಳಿಹೇಳುತ್ತಾರೆ: ಅದು ಉಗಿಯುವುದಲ್ಲ, ಮಾತಾಡುವ ಮುಂಚೆ ಬಾಯಿಯ ಮೇಲಿನ ಮರದ ಹೊಟ್ಟು ಊದಿಹಾಕುವುದು. ಹೊಟ್ಟು ಎಲ್ಲಿದೆ ಎಂದು ಅವರು ಕೇಳುತ್ತಾರೆ. ಈಗಿಲ್ಲ, ಇತ್ತು.

ಆ ಬಿಳಿತಲೆಯವನನ್ನು ಊರೆಲ್ಲ ಕರೆಯುವುದು ಕೆಳಗಿನಜ್ಜ ಎಂದು. ಅವನ ಹೆಂಡತಿಯ ಅಣ್ಣ ಮೇಲಿನಜ್ಜ. ಕೆಳಗಿನಜ್ಜನ ಮನೆ ಬೀದಿಯ ಮೇಲ್ತುದಿಯಲ್ಲಿದೆ, ಮೇಲಿನಜ್ಜನದು ಕೆಳತುದಿಯಲ್ಲಿ. ಹೊಸ ಅಂಚೆಯವನೊಬ್ಬ ಇದರಿಂದಾಗಿ ಮೊಣಕಾಲು ಕೆಡಿಸಿಕೊಂಡು, ಬಯಲುಸೀಮೆಗೆ ವರ್ಗ ಮಾಡಿಸಿಕೊಂಡು ಹೋದ.

ಹೆಸರುಗಳು ಹುಟ್ಟಿದ್ದು ಗರಗಸದಿಂದ. ಬೆಟ್ಟಕ್ಕೆ ಯಂತ್ರ ಬರುವ ಮೊದಲು ಮರ ಕೊಯ್ಯಲು ಆಳೆತ್ತರದ ಗುಂಡಿ ತೋಡಿ, ಅದರ ಮೇಲೆ ದಿಮ್ಮಿಯನ್ನು ಮಲಗಿಸುತ್ತಿದ್ದರು. ಒಬ್ಬ ದಿಮ್ಮಿ ಹತ್ತಿ ನಿಲ್ಲುವನು, ಇನ್ನೊಬ್ಬ ಗುಂಡಿಗೆ ಇಳಿಯುವನು, ನಡುವೆ ಎರಡೂ ತುದಿಗೆ ಹಿಡಿಯಿರುವ ಉದ್ದನೆಯ ಗರಗಸ. ಮೇಲಿನವನು ನೂಲು ಹೊಡೆದು ಎಳೆದ ಗೆರೆಯನ್ನು ನೋಡಿಕೊಂಡು ಎತ್ತಬೇಕು, ಕೆಳಗಿನವನು ಜಗ್ಗಬೇಕು. ಗೆರೆ ಮೇಲಿನವನ ಪಾಲಿಗೆ, ಹೊಟ್ಟು ಕೆಳಗಿನವನ ಪಾಲಿಗೆ. ಇವರಿಬ್ಬರೂ ತಮ್ಮ ಯೌವನವನ್ನೆಲ್ಲ ಹೀಗೇ ಒಂದೇ ಗರಗಸದ ಎರಡು ತುದಿಗಳಲ್ಲಿ ಕಳೆದರು. ಅದಕ್ಕೇ ಕೆಳಗಿನಜ್ಜ ಇವತ್ತಿಗೂ ಯಾರೊಡನೆ ಮಾತಾಡಿದರೂ ಮುಖ ಮೇಲೆತ್ತಿ, ಕಣ್ಣು ಅರ್ಧ ಮುಚ್ಚಿರುತ್ತಾನೆ. ಮೇಲಿನಜ್ಜ ಎದುರಿಗಿದ್ದವರ ಪಾದ ನೋಡುತ್ತಾನೆ. ಇಬ್ಬರೂ ಎದುರುಬದುರು ನಿಂತರೆ ಒಬ್ಬ ಆಕಾಶದೊಡನೆ, ಇನ್ನೊಬ್ಬ ನೆಲದೊಡನೆ ಜಗಳವಾಡುತ್ತಿರುವ ಹಾಗೆ ಕಾಣುತ್ತದೆ.

ಜಗಳ ಮಾತ್ರ ನಿಜ, ಅದಕ್ಕೆ ಕಾರಣ ಒಂದು ಬೆಂಚು. ಬಸ್ ನಿಲ್ದಾಣಕ್ಕೆಂದು ಇಬ್ಬರೂ ಸೇರಿ ಕೊಯ್ದ ಉದ್ದ ಹಲಗೆ ಅದು. ಒಂದು ಕಡೆ ನೆಟ್ಟಗಿದೆ, ನಡುವಿನಿಂದಾಚೆ ಸೊಟ್ಟ. ಅದರ ಮೇಲೆ ಕೂತವರು ತಮಗೇ ಗೊತ್ತಿಲ್ಲದೆ ಎಡಕ್ಕೆ ಜಾರುತ್ತಾರೆ. ಬಲತುದಿಯಲ್ಲಿ ಕೂತ ಅಪರಿಚಿತರು ಬಸ್ಸು ಬರುವ ಹೊತ್ತಿಗೆ ಎಡತುದಿಯವರ ತೊಡೆಗೆ ಬಂದಿರುತ್ತಿದ್ದರು. ಊರಿನಲ್ಲಿ ಎರಡು ಮದುವೆಗಳೂ ಒಂದು ಪೋಲೀಸ್ ಕೇಸೂ ಆದದ್ದು ಆ ಬೆಂಚಿನಿಂದ. ಕೆಳಗೆ ಜಗ್ಗಿದವನ ಕೈ ಸರಿಯಿರಲಿಲ್ಲ ಎಂದು ಮೇಲಿನಜ್ಜ. ಗೆರೆ ಕಾಣುತ್ತಿದ್ದದ್ದು ಯಾರಿಗೆ ಎಂದು ಕೆಳಗಿನಜ್ಜ. ಅಂದಿನಿಂದ ಇಬ್ಬರೂ ನೇರ ಮಾತಾಡಿಲ್ಲ. ಏನಿದ್ದರೂ ನಡುವೆ ಒಬ್ಬನ ಹೆಂಡತಿ, ಇನ್ನೊಬ್ಬನ ತಂಗಿಯಾದ ಅಜ್ಜಿ ಇದ್ದಾಳೆ, ಅವಳ ಮೂಲಕ.

ಹೀಗಿರುವಾಗ ಹಳೆಯ ಮರದ ಡಿಪೋದಲ್ಲಿ ಸಂಗ್ರಹಾಲಯ ಬಂತು. ಬೆಟ್ಟದ ಮೊದಲಿನ ಬದುಕು ಹೇಗಿತ್ತೆಂದು ಮುಂದಿನವರಿಗೆ ಗೊತ್ತಾಗಲಿ ಎಂದು ನಾಲ್ಕು ಜನ ಸೇರಿ ಕೊಡಲಿ, ಬಾಚಿ, ಉಳಿ, ಬೆಣೆಗಳನ್ನು ಮನೆಮನೆಯಿಂದ ತಂದು ಗೋಡೆಗೆ ತೂಗುಹಾಕಿದರು. ಬಸ್ ನಿಲ್ದಾಣದ ಬೆಂಚೂ ಬಂತು. ಅದರ ಮೇಲೆ ಕೂರಬಾರದೆಂದು ಹಗ್ಗ ಕಟ್ಟಿದರು. ಹಳೆಯ ಫೋಟೋಗಳನ್ನು ದೊಡ್ಡದು ಮಾಡಿಸಿದರು. ಅದರಲ್ಲಿ ಒಂದು ಬಾಗಿಲಿನಷ್ಟಿತ್ತು. ಬೆಟ್ಟದ ಇಳಿಜಾರು, ಒಂದು ದಿಮ್ಮಿ, ದಿಮ್ಮಿಯ ಮೇಲೆ ಮೀಸೆ ತಿರುವಿಕೊಂಡು ಗರಗಸ ಹಿಡಿದ ಮೇಲಿನಜ್ಜ. ಆಗ ಅವನಿಗೆ ಅಜ್ಜನಾಗುವ ಯಾವ ಲಕ್ಷಣವೂ ಇರಲಿಲ್ಲ. ಪಕ್ಕದಲ್ಲಿ ತಲೆ ಅಲ್ಲಾಡಿಸಿ ಮಸುಕಾದ ಒಂದು ನಾಯಿ. ಹಿಂದೆ ಒಂದು ಗುಡಿಸಲು, ಅದರಿಂದೇಳುವ ಹೊಗೆ. ಮುಂದೆ ಹುಲ್ಲಿನ ಮೇಲೆ ಫೋಟೋ ತೆಗೆದವನ ಉದ್ದ ನೆರಳು.

ಸಂಗ್ರಹಾಲಯವನ್ನು ನೋಡಿಕೊಳ್ಳುವ ಮೇಡಂ ಬಹಳ ನ್ಯಾಯವಂತರು. ಚಿತ್ರದಲ್ಲಿರುವ ಯಾರಿಗೂ ಅನ್ಯಾಯವಾಗಬಾರದೆಂದು ಒಬ್ಬೊಬ್ಬರ ಕೆಳಗೂ ಒಂದೊಂದು ಚೀಟಿ ಅಂಟಿಸಿದ್ದರು. ಮೇಲಿನಜ್ಜನ ಹೆಸರಿನದು ಒಂದು. 'ನಾಯಿ' ಎಂದು ಒಂದು. 'ಛಾಯಾಗ್ರಾಹಕರ ನೆರಳು' ಎಂದು ಇನ್ನೊಂದು.

ಕೆಳಗಿನಜ್ಜ ಅಜ್ಜಿಯನ್ನು ಕರೆದುಕೊಂಡು ನೋಡಲು ಹೋದ. ಚಿತ್ರದ ಮುಂದೆ ನಿಂತು, ಗರಗಸದ ಅಲಗು ದಿಮ್ಮಿಯನ್ನು ದಾಟಿ ಮಣ್ಣಿನೊಳಗೆ ಮರೆಯಾಗುವ ಜಾಗವನ್ನು ಬಹಳ ಹೊತ್ತು ನೋಡಿದ. ಆಮೇಲೆ ಬೆರಳಿಟ್ಟು ತೋರಿಸಿದ.

"ಫೂ. ಮೇಡಂ, ಇಲ್ಲಿ ನಾನಿದ್ದೀನಿ."

ಮೇಡಂ ಕನ್ನಡಕ ಏರಿಸಿದರು. "ಎಲ್ಲಿ ಅಜ್ಜಾ?"

"ಗರಗಸ ಕೆಳಗೆ ಹೋಗ್ತಿದೆಯಲ್ಲ, ಅದರ ಕೊನೇಲಿ."

"ಅಲ್ಲಿ ಚೌಕಟ್ಟಿದೆ."

"ಚೌಕಟ್ಟಿನ ಕೆಳಗೆ."

"ಚೌಕಟ್ಟಿನ ಕೆಳಗೆ ಗೋಡೆ ಇದೆ ಅಜ್ಜಾ."

"ಗೋಡೆ ಈಗ ಬಂದದ್ದು. ನಾನು ಮೊದ್ಲೇ ಇದ್ದೆ."

ಅವನು ಹೇಳಿದ್ದು ಇಷ್ಟು. ಫೋಟೋದವನು ಬಂದದ್ದು ದಿಮ್ಮಿ ಅರ್ಧ ಕೊಯ್ದಿದ್ದಾಗ. ಫೋಟೋ ಎಂದರೆ ಏನೆಂದು ಕೆಳಗಿನಜ್ಜನಿಗೆ ಗೊತ್ತಿತ್ತು. ಕುಡಿಯುವ ನೀರಲ್ಲೇ ಮುಖ ತೊಳೆದ, ಒದ್ದೆ ಕೈಯಲ್ಲಿ ಕೂದಲು ಒತ್ತಿಕೊಂಡ, ಕತ್ತಿನವರೆಗೂ ಅಂಗಿಯ ಗುಂಡಿ ಹಾಕಿಕೊಂಡ. 'ಯಾರೂ ಅಲ್ಲಾಡಬೇಡಿ' ಎಂದು ಮೇಲಿನಿಂದ ಕೂಗು ಕೇಳಿದಾಗ, ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಕಟ್ಟಿ, ಮುಖ ಮೇಲೆತ್ತಿ ನಿಂತ. ಕಣ್ಣಿಗೆ ಹೊಟ್ಟು ಬಿತ್ತು. ಮಿಟುಕಿಸಲಿಲ್ಲ.

"ನಕ್ಕಿದ್ದೆ ಕೂಡ," ಎಂದ.

"ಗುಂಡಿಯೊಳಗೆ?" ಎಂದರು ಮೇಡಂ.

"ಮತ್ತೆ? ಎಲ್ಲಿದ್ದೆನೋ ಅಲ್ಲೇ ತಾನೇ ನಗಬೇಕು?"

"ಮದುವೆ ದಿನ ಇಷ್ಟು ನೆಟ್ಟಗೆ ನಿಂತಿರ್ಲಿಲ್ಲ ಇವರು," ಎಂದಳು ಅಜ್ಜಿ ಪಕ್ಕದಿಂದ. "ನಗು ಅಂತೂ ಕೇಳ್ಲೇಬೇಡಿ."

ಆ ನಗುವನ್ನು ಜಗತ್ತಿನಲ್ಲಿ ಯಾರೂ ನೋಡಿಲ್ಲ. ಅವನ ಎಳೆಯ ವಯಸ್ಸಿನ ಬೇರೊಂದು ಚಿತ್ರ ಎಲ್ಲೂ ಇಲ್ಲ. ಅವನಿಗೊಮ್ಮೆ ಕಪ್ಪು ಕೂದಲಿತ್ತು, ಹಣೆ ಇಷ್ಟು ದೂರ ಹೋಗಿರಲಿಲ್ಲ ಎನ್ನುವುದಕ್ಕೆ ಅಜ್ಜಿಯ ಮಾತೇ ಆಧಾರ, ಅಜ್ಜಿಯ ಮಾತು ಅವತ್ತಿನ ಅಡುಗೆಮನೆಯ ಹವೆಯ ಮೇಲೆ ನಿಂತಿರುತ್ತದೆ. ಅವನಿಗೆ ಬೇಕಾಗಿದ್ದದ್ದು ಒಂದು ಚೀಟಿ. ನಾಯಿಗೆ ಹಾಕಿದಷ್ಟೇ ಅಗಲದ್ದು ಸಾಕು.

ಮೇಡಂ ಒಂದು ರಾತ್ರಿಯೆಲ್ಲ ಯೋಚಿಸಿ ನಿಯಮ ಮಾಡಿದರು. ಚಿತ್ರದಲ್ಲಿ ಕಾಣಿಸದವರೂ ಅಲ್ಲಿದ್ದದ್ದು ನಿಜವಾದರೆ ಅವರಿಗೂ ಚೀಟಿಯುಂಟು. ಆದರೆ ಅವರಿದ್ದರೆಂದು ಚಿತ್ರದಲ್ಲಿ ಕಾಣಿಸುವವರೇ ಹೇಳಬೇಕು. ಇದನ್ನು ಬರೆದು ಬಾಗಿಲಿಗೆ ಹಾಕಿದರು. ಬೆಳಗಾದರೆ ಬಾಗಿಲ ಮುಂದೆ, ಆ ಚಿತ್ರದಲ್ಲಿ ಕಾಣಿಸದ ಊರಿನ ಜನರೆಲ್ಲ ಸಾಲಾಗಿ ನಿಂತಿದ್ದರು.

ಮೊದಲು ಬಂದವಳು ಒಬ್ಬ ಮುದುಕಿ. ಆ ಹೊತ್ತಿಗೆ ತಾನು ಗುಡಿಸಲಿನೊಳಗೆ ಒಲೆ ಊದುತ್ತಿದ್ದೆ ಎಂದಳು. "ಆ ಹೊಗೆ ಕಾಣ್ತಿದೆಯಲ್ಲ ಮೇಡಂ, ಅದು ನಾನೇ." ದರ್ಜಿಯ ಹೆಂಡತಿ, ಮೇಲಿನಜ್ಜ ಹಾಕಿಕೊಂಡಿರುವ ಅಂಗಿಯ ಒಳಗಿನ ಹೊಲಿಗೆ ತನ್ನ ಮಾವನದು, ಹೊರಗಿನದಕ್ಕೆ ತಾನು ಜವಾಬ್ದಾರಳಲ್ಲ ಎಂದಳು. ಕ್ಷೌರಿಕನ ಮಗ ಮೀಸೆಯ ಎಡಭಾಗವನ್ನು ಕೇಳಿದ. ಬಲಭಾಗ ತಾನಾಗಿ ಬೆಳೆದದ್ದಂತೆ. ಬಸ್ಸಿನ ಕಂಡಕ್ಟರ್, ತಾನು ಗುಡ್ಡದ ಆಚೆ ಇಳಿಜಾರಿನಲ್ಲಿದ್ದೆ, ಗುಡ್ಡ ಅಡ್ಡ ಬಂತು ಎಂದ. ಅವನು ಆಗಿನ್ನೂ ಹುಟ್ಟಿರಲಿಲ್ಲವಲ್ಲ ಎಂದು ಯಾರೋ ಅಂದರು. "ಅದಕ್ಕೇ ಕಾಣ್ತಿಲ್ಲ," ಎಂದ ಅವನು.

ಚಿತ್ರದಲ್ಲಿ ಕಾಣಿಸಿ ಇನ್ನೂ ಬದುಕಿರುವವನು ಮೇಲಿನಜ್ಜನೊಬ್ಬನೇ. ಸಾಲು ಅವನ ಮನೆಯ ಕಡೆ ತಿರುಗಿತು. ಅವನು ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತ. ಹಿಂದೆಂದೂ ಇಷ್ಟು ಜನ ಅವನ ಮಾತಿಗೆ ಕಾದದ್ದಿಲ್ಲ. ಬಂದವರ ಪಾದ ನೋಡುತ್ತಾ ಎಲ್ಲರಿಗೂ ಹೂಂ ಅಂದ. ಹೊಗೆಗೆ ಹೂಂ, ಹೊಲಿಗೆಗೆ ಹೂಂ, ಗುಡ್ಡದಾಚೆಯ ಕಂಡಕ್ಟರನಿಗೂ ಹೂಂ. ಚಿತ್ರದ ಸುತ್ತ ಚೀಟಿಗಳು ಬೆಳೆದು, ಗೋಡೆ ತುಂಬಿ, ಪಕ್ಕದ ಬಾಚಿಗಳ ಮೇಲೂ ಹತ್ತಿಕೊಂಡವು.

ಕೆಳಗಿನಜ್ಜನ ಪರವಾಗಿ ಅಜ್ಜಿ ಇಳಿದು ಬಂದಳು.

"ಅಣ್ಣಾ, ಇವರದ್ದೂ ಒಂದು ಹೂಂ ಅಂದ್ಬಿಡು."

"ನಾನು ನೋಡಿಲ್ಲಮ್ಮ."

"ಏನ್ ನೋಡಿಲ್ಲ? ಇಡೀ ಜನ್ಮ ಒಂದೇ ಗರಗಸ ಎಳೆದಿದ್ದೀರಿ!"

"ಗೆರೆ ನೋಡ್ತಿದ್ದೆ. ಅವನ ಮುಖ ನೋಡ್ಕೊಂಡು ನಿಲ್ಲೋಕೆ ನನಗೇನು ಮದುವೆಯಾಗಿತ್ತಾ ಅವನ ಜೊತೆ?"

"ಹೊಗೆಗೆ ಹೂಂ ಅಂದಿದ್ದೀಯ!"

"ಹೊಗೆ ಬೆಂಚು ಸೊಟ್ಟ ಮಾಡ್ಲಿಲ್ಲ," ಎಂದ ಮೇಲಿನಜ್ಜ. ಅಲ್ಲಿಗೆ ಬಂದು ನಿಂತಿತು ವಿಷಯ. "ಹೋಗಿ ಹೇಳು ನಿನ್ನ ಗಂಡನಿಗೆ. ಬೆಂಚಿನ ತಪ್ಪು ತನ್ನದು ಅಂತ ಒಪ್ಕೊಳ್ಳಲಿ, ಆ ಗಳಿಗೇಲೇ ಹೂಂ ಅಂತೀನಿ."

ಅಜ್ಜಿ ಏರು ಹತ್ತಿ ಮೇಲೆ ಬಂದಳು. ಕೆಳಗಿನಜ್ಜ ಕಿಟಕಿಯಲ್ಲೇ ಕಾಯುತ್ತಿದ್ದ.

"ಫೂ. ಏನಂದ?"

"ನೀವು ಸೊಟ್ಟ ಇದ್ರೆ ಮಾತ್ರ ನೀವು ಇದ್ದೀರಂತೆ."

ಅವನು ಆಕಾಶ ನೋಡಿದ. "ನಿಮ್ಮಣ್ಣನಿಗೆ ಹೇಳು, ನಾನು ಇರಲೇ ಇಲ್ಲ ಅನ್ನೋದಾದ್ರೆ ಆ ಬೆಂಚು ಪೂರ್ತಿ ಅವನೊಬ್ಬನೇ ಕೊಯ್ದದ್ದು ಅಂತಾಯ್ತು."

ಅಜ್ಜಿ ಮತ್ತೆ ಇಳಿದಳು. ಈ ಮಾತು ಮೇಲಿನಜ್ಜನನ್ನು ತಾಗಿತು. ಅವನು ಕುರ್ಚಿಯಿಂದೆದ್ದು, ಕೂತು, ಮತ್ತೆ ಎದ್ದ. ಕೆಳಗೆ ಯಾರಾದರೂ ಇದ್ದರೆ ಚೀಟಿ ಕೊಡಬೇಕು, ಯಾರೂ ಇಲ್ಲದಿದ್ದರೆ ಸೊಟ್ಟ ತನ್ನದೇ. ಕೊನೆಗೆ, "ಗರಗಸ ಕೆಳಗೆ ತಾನಾಗೇ ಇಳಿಯುತ್ತೆ, ಬೇಕಾದ್ರೆ ಮೇಡಂನ ಕೇಳು," ಎಂದ. ಅಜ್ಜಿ ಅವನ ಜಗಲಿಯಲ್ಲೇ ಕೂತುಬಿಟ್ಟಳು. "ಇನ್ನು ನನ್ನ ಕೈಲಾಗಲ್ಲ. ನಿಮ್ಮಿಬ್ಬರಿಗೂ ಒಂದು ಗರಗಸ ಇತ್ತು, ಅದನ್ನ ಗೋಡೆಗೆ ಹಾಕಿದ್ರು. ಈಗ ನನ್ನನ್ನ ಹಿಡ್ಕೊಂಡು ಮೇಲೆ ಕೆಳಗೆ ಎಳೀತಿದ್ದೀರಿ."

ಮೇಡಂ ಮಧ್ಯೆ ಬಂದರು. ಉದ್ಘಾಟನೆಯ ದಿನ ಅಂಗಳದಲ್ಲಿ ಗುಂಡಿ ತೋಡಿಸಿ, ಮರ ಕೊಯ್ದು ತೋರಿಸುವುದೆಂದು ಹೇಗೂ ನಿಶ್ಚಯವಾಗಿತ್ತು. ಇಬ್ಬರೂ ಕೊಯ್ಯಲಿ, ಹಲಗೆ ಯಾರ ಕೈಯಿಂದ ಸೊಟ್ಟವಾಗುತ್ತದೆಂದು ಎಲ್ಲರೂ ನೋಡಲಿ ಎಂದರು. ಇಬ್ಬರೂ ಒಪ್ಪಿದರು. ಒಪ್ಪಿದ ಮೇಲೆ ತೊಡಕು ಹುಟ್ಟಿತು. ಮೇಲಿನಜ್ಜನಿಗೆ ಮೊಣಕಾಲು ನೋವು. ಉರುಟು ದಿಮ್ಮಿಯ ಮೇಲೆ ಹತ್ತಿ ನಿಲ್ಲಲಾಗದು. ಗುಂಡಿಗಾದರೆ ಮೆಟ್ಟಿಲು ಕೊರೆಸಿದ್ದರು, ಇಳಿದರಾಯಿತು. ಹುಟ್ಟಿದಾರಭ್ಯ ಮೊದಲ ಸಲ ಕೆಳಗಿನಜ್ಜ ಮೇಲೆ ಹೋಗಬೇಕಾಯಿತು.

ಆ ದಿನ ಅಂಗಳದ ತುಂಬ ಜನ. ಚೀಟಿ ಸಿಕ್ಕವರೆಲ್ಲ ಮುಂದಿನ ಸಾಲಿನಲ್ಲಿ ಕೂತಿದ್ದರು; ಹೊಗೆ ಅಜ್ಜಿ ಹೊಸ ಸೀರೆ ಉಟ್ಟಿದ್ದಳು. ಮೇಲಿನಜ್ಜ ಯಾರ ಮುಖವನ್ನೂ ನೋಡದೆ ಗುಂಡಿಗೆ ಇಳಿದ. ಕೆಳಗಿನಜ್ಜ ಏಣಿ ಹತ್ತಿ ದಿಮ್ಮಿಯ ಮೇಲೆ ಎರಡು ಹೆಜ್ಜೆ ಇಟ್ಟು, ಮೂರನೆಯದನ್ನು ಗಾಳಿಯಲ್ಲೇ ಹಿಡಿದುಕೊಂಡ.

"ಅಷ್ಟು ವರ್ಷ ತಲೆ ಮೇಲೆ ಇಟ್ಕೊಂಡಿದ್ದ ದಿಮ್ಮಿ," ಎಂದಳು ಅಜ್ಜಿ ಜನರ ನಡುವಿನಿಂದ. "ಈಗ ಕಾಲಡಿಗೆ ಬಂದ್ರೆ ಹೆದರ್ತೀರಲ್ಲ!"

ಅವನು ಹಿಡಿ ಹಿಡಿದು ಕೆಳಗೆ ನೋಡಿದ. ಬಗ್ಗಿ ನೋಡಿದ. ದಿಮ್ಮಿಯಿತ್ತು, ಅದರ ಮೇಲೆ ಗೆರೆಯಿತ್ತು, ಸೀಳಿನೊಳಗೆ ಇಳಿದ ಅಲಗಿತ್ತು. ಮನುಷ್ಯ ಇರಲಿಲ್ಲ.

"ಇದ್ದೀರಾ ಭಾವ?" ಬೆಂಚು ಹುಟ್ಟಿದ ಮೇಲೆ ಅವನು ಭಾವನೊಡನೆ ನೇರವಾಗಿ ಆಡಿದ ಮೊದಲ ಮಾತು ಅದು.

"ಇಲ್ಲದೆ ಎಲ್ಲಿಗೆ ಹೋಗ್ಲಿ?" ಎಂದಿತು ಮಣ್ಣು.

"ನೀವು ಕಾಣೋದೇ ಇಲ್ಲ ಇಲ್ಲಿಂದ."

"ಅದನ್ನೇ ತಾನೇ ನಾನು ಹೇಳ್ತಾ ಬಂದದ್ದು! ನೋಡಿಲ್ಲ ಅಂದ್ರೆ ನೋಡಿಲ್ಲ!"

ಕೆಳಗಿನಜ್ಜ ಸೀಳಿನೊಳಗೆ ಇನ್ನೊಮ್ಮೆ ಇಣುಕಿದ. ಗುಂಡಿಯಲ್ಲಿದ್ದಷ್ಟು ಕಾಲವೂ ಮೇಲಿನಿಂದ ತನ್ನನ್ನು ಒಬ್ಬ ನೋಡುತ್ತಿದ್ದಾನೆ ಎಂದೇ ಅವನು ನಂಬಿದ್ದ. ದಣಿದಾಗ ದಣಿದಂತೆ ಕಾಣಬಾರದೆಂದು ಮುಖ ಬಿಗಿದುಕೊಂಡದ್ದು, ಜ್ವರ ಬಂದ ದಿನವೂ ಹುಬ್ಬು ಗಂಟಿಕ್ಕದೆ ಜಗ್ಗಿದ್ದು, ಎಲ್ಲ ಒಂದು ದಿಮ್ಮಿಯ ತೊಗಟೆಗೆ ತೋರಿಸಿದ್ದಾಯಿತು. ಅವನು ಬಾಯಿ ಊದಿದ. ಊದಿಹಾಕಲು ಅಲ್ಲೇನೂ ಇರಲಿಲ್ಲ. ಮೇಲೆ ಗಾಳಿ ತಂಪಾಗಿತ್ತು, ದೂರದ ಬೆಟ್ಟಗಳು ಒಂದರ ಹಿಂದೊಂದು ತೆಳುವಾಗುತ್ತಾ ಹೋಗಿದ್ದವು. ಇಷ್ಟು ಕಾಣುತ್ತಿತ್ತೆಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಎತ್ತೋ!" ಎಂದಿತು ಕೆಳಗಿನಿಂದ.

ಅವನು ಎತ್ತಿದ. ಗರಗಸ ಹಳೆಯ ಗುರುತು ಹಿಡಿಯಿತು. ಎತ್ತು, ಜಗ್ಗು, ಎತ್ತು, ಜಗ್ಗು. ಕೆಳಗಿನಿಂದ ಕೆಮ್ಮು, ಬೈಗುಳ, ಮತ್ತೆ ಕೆಮ್ಮು. "ಕಣ್ಣು ಮುಚ್ಕೊಳ್ಳಿ ಭಾವ, ಬಾಯಿ ಮುಚ್ಕೊಳ್ಳಿ," ಎಂದು ಕೆಳಗಿನಜ್ಜ ಹೇಳುತ್ತಲೇ ಇದ್ದ. ಅಲಗು ನೂಲಿನ ಗೆರೆಯನ್ನು ಕೂದಲೆಳೆಯಷ್ಟೂ ಬಿಡದೆ ದಿಮ್ಮಿಯ ಅರ್ಧಕ್ಕೆ ಬಂತು.

ಆಗ ಫೋಟೋ ತೆಗೆಯಲು ಮೇಡಂ ಕರೆಸಿದ್ದ ಸ್ಟುಡಿಯೋದ ಹುಡುಗಿ ಕ್ಯಾಮೆರಾ ಎತ್ತಿ ಮುಂದೆ ಬಂದಳು. "ಅಜ್ಜಾ, ಒಂದು ನಿಮಿಷ. ಯಾರೂ ಅಲ್ಲಾಡ್ಬೇಡಿ."

ಅಂಗಳವೇ ನಿಂತಿತು. ಕೆಮ್ಮೂ ನಿಂತಿತು. ಕ್ಲಿಕ್ ಆಯಿತು. ಕೆಳಗಿನಜ್ಜ ಉಸಿರು ಬಿಟ್ಟು ಮತ್ತೆ ಎತ್ತಿದ. ಮೊದಲ ಎಳೆತಕ್ಕೇ ಅಲಗು ಗೆರೆಯಿಂದ ಒಂದು ಬೆರಳು ಆಚೆ ಹೋಯಿತು. ಅವನ ಕೈ ಅಲ್ಲೇ ತಡೆಯಿತು. ಗೆರೆಯನ್ನೇ ನೋಡುತ್ತಾ ನಿಂತ.

ಬೇರೆ ಯಾರೂ ಅದನ್ನು ಗಮನಿಸಲಿಲ್ಲ. ಎಲ್ಲರೂ ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ಬಗ್ಗಿದ್ದರು. ಅದರಲ್ಲಿ ಕೆಳಗಿನಜ್ಜ ಆಕಾಶಕ್ಕೆ ಅಂಟಿಕೊಂಡ ಹಾಗೆ ದೊಡ್ಡದಾಗಿ ನಿಂತಿದ್ದ.

"ಚೆನ್ನಾಗಿ ಬಂದಿದೆ," ಎಂದರು ಮೇಡಂ.

"ನಾನು ಹೇಗೆ ಬಂದಿದ್ದೀನಿ?" ಎಂದು ಗುಂಡಿಯಿಂದ ಕೇಳಿತು.

ಎಲ್ಲರೂ ಪರದೆಯ ಮೇಲೆ ಇನ್ನಷ್ಟು ಬಗ್ಗಿದರು.

"ಮೇಡಂ! ಉಸಿರು ಕಟ್ಟಿ ನಿಂತಿದ್ದೆ! ಬಂದಿದ್ದೀನಾ ಇಲ್ವಾ?"

"ಗರಗಸದವರೆಗೆ ಬಂದಿದೆ," ಎಂದಳು ಸ್ಟುಡಿಯೋದ ಹುಡುಗಿ ಮೆತ್ತಗೆ. "ಅದರ ಕೆಳಗೆ ಬಂದಿಲ್ಲ."

ಮಣ್ಣಿನೊಳಗಿನ ದನಿ ಒಮ್ಮೆಲೇ ಒಡೆದುಕೊಂಡಿತು. "ಬರ್ಕೊಳ್ಳಿ ಮೇಡಂ, ಬರ್ಕೊಳ್ಳಿ! ಆವತ್ತು ಕೆಳಗಿದ್ದದ್ದು ಇವನೇ! ಇಂಥಾ ಜಾಗದಲ್ಲಿ ಇನ್ಯಾರು ಇರ್ತಾರೆ! ನನ್ನ ತಂಗಿ ಗಂಡನೇ ಇದ್ದ, ದಿನಾ ಇದ್ದ!"

ಮುಂದಿನ ಸಾಲು ಚಪ್ಪಾಳೆ ತಟ್ಟಿತು. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಮೇಡಂ ಚೀಟಿ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ತಡೆದರು. ಅವರ ಮುಖದಲ್ಲಿ ನೋವಿತ್ತು.

"ಬರೀಬೇಕು ಅಂತ ನನಗೂ ಆಸೆ. ಆದ್ರೆ ಹಳೇ ಚಿತ್ರದಲ್ಲಿ ಕಾಣಿಸುವವರೇ ಹೇಳ್ಬೇಕು ಅಂತ ನಿಯಮ. ಈಗ ಮಾತಾಡಿದ್ದು ಅವರೇ ಅಂತ ಹೇಗೆ ಹೇಳೋದು? ಬರೀ ದನಿ ಕೇಳ್ತಿದೆ."

"ಬಗ್ಗಿ ನೋಡಿ ಮೇಡಂ!" ಎಂದ ಕಂಡಕ್ಟರ್.

"ನಾನು ನೋಡಿದ್ದು ಲೆಕ್ಕಕ್ಕೆ ಬರಲ್ಲ. ನಾನು ಯಾವ ಚಿತ್ರದಲ್ಲೂ ಇಲ್ಲ," ಎಂದರು ಮೇಡಂ. "ಗುಂಡಿಯಲ್ಲಿರೋದು ಅವರೇ ಅಂತ, ಈ ಹೊಸ ಚಿತ್ರದಲ್ಲಿ ಕಾಣಿಸುವವರು ಹೇಳ್ಬೇಕು."

ಎಲ್ಲರೂ ದಿಮ್ಮಿಯ ಮೇಲೆ ನೋಡಿದರು. ಹೊಸ ಚಿತ್ರದಲ್ಲಿ ಕಾಣಿಸುವವನು ಒಬ್ಬನೇ. ಅವನು ಹೂಂ ಅಂದರೆ ಕೆಳಗಿನವನು ಇದ್ದಂತೆ. ಕೆಳಗಿನವನು ಇದ್ದರೆ ಅವನ ಮಾತು ಇದ್ದಂತೆ. ಆ ಮಾತು ಇದ್ದರೆ ಇವನು ಇದ್ದಂತೆ. ಹೂಂ ಅನ್ನುವ ಮೊದಲು ಒಂದು ಷರತ್ತು ಹಾಕುವುದಕ್ಕೂ ಇದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ಅದು ಗುಂಡಿಯಲ್ಲಿದ್ದವನಿಗೂ ಗೊತ್ತಿದ್ದಿರಬೇಕು. ಅಲ್ಲಿಂದ ಒಂದು ಸಣ್ಣ ಕೆಮ್ಮು ಬಂತು, ಕ್ಷಮೆ ಕೇಳುವ ಹಾಗೂ ಅಲ್ಲ, ಕೇಳದ ಹಾಗೂ ಅಲ್ಲ.

"ಭಾವ," ಎಂದ ಕೆಳಗಿನಜ್ಜ ಕಾಲಡಿಯ ಮರಕ್ಕೆ. "ಬೆಂಚಿನ ವಿಷಯ ಏನಂತೀರಿ?"

ಗುಂಡಿಯಿಂದ ಇನ್ನೊಂದು ಕೆಮ್ಮು ಬಂತು.

"ಹೂಂ ಅಂದ್ಬಿಡ್ರೀ, ಅಣ್ಣ ಅಲ್ಲಿ ಹೊಟ್ಟು ತಿಂತಿದ್ದಾನೆ!" ಎಂದಳು ಅಜ್ಜಿ.

ಕೆಳಗಿನಜ್ಜ ಹಿಡಿಯನ್ನು ಬಿಟ್ಟ. ಗೆರೆ ಬಿಟ್ಟು ಹೋದ ಜಾಗವನ್ನು ಇನ್ನೊಮ್ಮೆ ಹೆಬ್ಬೆರಳಿನಿಂದ ಸವರಿ, ನಿಧಾನವಾಗಿ ಏಣಿಗೆ ಕಾಲಿಟ್ಟ.

"ಬರ್ಕೊಳ್ಳಿ ಮೇಡಂ. ಕೆಳಗಿರೋದು ನನ್ನ ಭಾವ. ಹಳೇ ಚಿತ್ರದಲ್ಲಿ ಮೇಲಿರೋದೂ ಅವರೇ. ಬೆಂಚಿನ ವಿಷಯಕ್ಕೆ ಬಂದ್ರೆ," ಎಂದ. ನೆಲಕ್ಕಿಳಿದು, ಅಜ್ಜಿಯ ಕೈಯಿಂದ ನೀರಿನ ಚೊಂಬು ತೆಗೆದುಕೊಂಡ. ಮೇಡಂ ಪೆನ್ನು ಹಿಡಿದು ಹಿಂದೆಯೇ ಹೊರಟರು. "ಆವತ್ತು ಕೊಯ್ತಿದ್ದದ್ದು ಬೆಂಚಿನ ದಿಮ್ಮೀನೇ, ಅದೂ ಅರ್ಧಕ್ಕೆ ಬಂದಿತ್ತು. ಫೋಟೋದವನು ಅಲ್ಲಾಡ್ಬೇಡಿ ಅಂದ. ಇಬ್ರೂ ನಿಂತ್ವಿ. ಅವರು ಮೇಲೆ ಮೀಸೆ ತಿರುವ್ಕೊಂಡು, ನಾನು ಇಲ್ಲಿ ನಕ್ಕೊಂಡು. ಮತ್ತೆ ಶುರು ಮಾಡಿದಾಗ ನಾವಿಬ್ಬರೂ," ಎನ್ನುತ್ತಾ ಅವನು ಗುಂಡಿಯ ಮೆಟ್ಟಿಲು ಇಳಿದು ಮರೆಯಾದ. "ಗೆರೆ ಬಿಟ್ವಿ," ಎಂದಿತು ಮಣ್ಣು.